ಗಾಜಿನ ಪೆಟ್ಟಿಗೆಯಲ್ಲಿದ್ದ ಎಲುಬು

ನಮ್ಮ ಮ್ಯೂಜಿಯಂಗೆ ಬರುವವರಲ್ಲಿ ಅರ್ಧ ಜನ ಕೇಳುವುದು ಒಂದೇ ಪ್ರಶ್ನೆ: ಬಂಗಾರದ ಸಾಮಾನು ಏನೂ ಇಲ್ಲವೇ? ಇಲ್ಲ ಎಂದ ಕೂಡಲೇ ಅವರ ಮುಖ ಸಣ್ಣದಾಗುತ್ತದೆ. ಉಳಿದ ಅರ್ಧ ಜನ ಫ್ಯಾನಿನ ಕೆಳಗೆ ಕೂತು ಬಸ್ಸಿನ ವೇಳೆಯಾಗುವುದನ್ನು ಕಾಯುತ್ತಾರೆ. ನೆಲೋಗಿಯಿಂದ ಹಿಡಿದು ಜೇವರ್ಗಿ ತಾಲೂಕಿನ ನಾಲ್ಕೈದು ಹೈಸ್ಕೂಲುಗಳಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ, ಮಕ್ಕಳನ್ನು ಗದರಿಸಿ ಗದರಿಸಿ ಗಂಟಲು ಕೆಡಿಸಿಕೊಂಡವನು ನಾನು. ನಿವೃತ್ತಿಯಾದ ಮೇಲೂ ಗದರಿಸಲು ಇಷ್ಟು ಜನ ಸಿಗುತ್ತಾರೆಂದು ಅಂದುಕೊಂಡಿರಲಿಲ್ಲ.

ಮ್ಯೂಜಿಯಂ ಎಂದರೆ ದೊಡ್ಡದೇನಲ್ಲ. ಅಫಜಲಪುರದ ಹಳೆಯ ಹತ್ತಿ ಗೋದಾಮಿನ ಎರಡು ಕೋಣೆ. ನಾನು ಮತ್ತು ನಾನಿದ್ದ ಶಾಲೆಯಲ್ಲೇ ಉರ್ದು ಕಲಿಸುತ್ತಿದ್ದ ಗೆಳೆಯ ಹಫೀಜ ಸೇರಿ ನಡೆಸುತ್ತೇವೆ. ಮೊದಲ ಕೋಣೆ ಅವನದು, ಈ ಸೀಮೆಯ ಇತಿಹಾಸ: ಎರಡು ವೀರಗಲ್ಲು, ನಿಜಾಮರ ಕಾಲದ ಸೇರು ಪಾವು, ಒಂದಿಷ್ಟು ತಾಮ್ರದ ನಾಣ್ಯ, ಯಾರೋ ಎಮ್ಮೆ ಮೈ ತೊಳೆಯುವ ಜಾಗಕ್ಕೆ ಹಾಸಿಕೊಂಡಿದ್ದ ಶಾಸನದ ತುಂಡು. ಎರಡನೆಯ ಕೋಣೆ ನನ್ನದು. ಅಲ್ಲಿ ಭೀಮಾ ದಂಡೆಯಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳು, ಹಲ್ಲುಗಳು, ಸಾವಿರಾರು ವರ್ಷ ಮಣ್ಣಿನಲ್ಲಿ ಇದ್ದು ಕಲ್ಲಾಗಿ ಹೋದ ಎಲುಬುಗಳು. ಪಳೆಯುಳಿಕೆ ಎನ್ನುವ ಶಬ್ದವನ್ನು ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇನೆ, ಜನ ಇಪ್ಪತ್ತು ಸಲವೂ 'ಕಲ್ಲು' ಎಂದೇ ಅನ್ನುತ್ತಾರೆ.

ನನ್ನ ಕೆಲಸಕ್ಕೆ ಎರಡು ನಿಯಮ ಇಟ್ಟುಕೊಂಡಿದ್ದೆ. ಒಂದು, ಚೀಟಿಯ ಮೇಲೆ ಗೊತ್ತಿಲ್ಲದ್ದನ್ನು ಬರೆಯಬಾರದು. ಇನ್ನೊಂದು, ಎಲುಬು ಸಿಕ್ಕರೆ ಎಲುಬನ್ನಷ್ಟೇ ಎತ್ತಿಕೊಂಡು ಬರಬಾರದು. ಅದರ ಕೆಳಗಿನ ಗರಸನ್ನೂ, ಅಂದರೆ ಹರಳು ಬೆರೆತ ಮಣ್ಣನ್ನೂ, ಒಂದು ಚೀಲ ತುಂಬಿ ತರಬೇಕು, ಬಿಡುವಾದಾಗ ಜರಡಿ ಹಿಡಿಯಬೇಕು. ಎಷ್ಟೋ ಸಲ ದೊಡ್ಡ ಎಲುಬಿಗಿಂತ ಆ ಗರಸಿನಲ್ಲಿ ಸಿಗುವ ಸಣ್ಣ ಹಲ್ಲೇ ಹೆಚ್ಚು ಹೇಳುತ್ತದೆ. ಜರಡಿ ಹಿಡಿಯದ ಚೀಲಗಳು ಕೋಣೆಯ ಮೂಲೆಯಲ್ಲಿ ಯಾವಾಗಲೂ ಐದಾರು ಇರುತ್ತವೆ, ಹಫೀಜನಿಗೆ ಅವು ಕಂಡರಾಗುವುದಿಲ್ಲ.

ಹೋದ ವರ್ಷ ಮಳೆಗಾಲದ ಕೊನೆಗೆ ಭೀಮಾ ತುಂಬಿ ಹರಿದು ಇಳಿದ ಮೇಲೆ, ಬೇವಿನಗಡ್ಡಿ ಎಂಬ ಹೊಳೆದಂಡೆಯ ಊರಿನ ಕೆಳಗೆ ನನಗೊಂದು ಎಲುಬು ಸಿಕ್ಕಿತು. ದಂಡೆ ಕುಸಿದು ಬಿದ್ದ ಹಸಿ ಮಣ್ಣಿನಲ್ಲಿ ಅಡ್ಡ ಬಿದ್ದಿತ್ತು. ಒಂದು ಗೇಣಿಗಿಂತ ನಾಲ್ಕು ಬೆರಳು ಉದ್ದ, ಕಪ್ಪು ಕಂದು ಬಣ್ಣ, ಕೈಗೆ ಕಬ್ಬಿಣದ ಭಾರ. ಎರಡೂ ತುದಿ ಮುರಿದಿದ್ದವು, ನಡುವೆ ಅರ್ಧ ಚಂದ್ರನಂಥ ಒಂದು ಕಚ್ಚು ಇತ್ತು. ಇಷ್ಟು ಚಂದದ ಎಲುಬು ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ. ಮೇಲೆಲ್ಲ ಬಿಳಿ ಪೊರೆ ಕಟ್ಟಿತ್ತು. ಸುಣ್ಣದ ಅಂಶ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ತೊಳೆದೆ. ಕಲಬುರಗಿಯ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿದೆ. ಕಾಡೆತ್ತಿನ ತೊಡೆ ಎಲುಬು, ಈಗ ಭೂಮಿಯ ಮೇಲೆ ಇಲ್ಲದ ಜಾತಿ, ಇಪ್ಪತ್ತು ಸಾವಿರ ವರ್ಷಕ್ಕೆ ಕಡಿಮೆಯಿಲ್ಲ ಎಂದರು. ಗಾಜಿನ ಪೆಟ್ಟಿಗೆ ಮಾಡಿಸಿ, ಕೆಳಗೆ ಕೆಂಪು ಬಟ್ಟೆ ಹಾಸಿ, ನನ್ನ ಕೈಯಾರೆ ಚೀಟಿ ಬರೆದು ಇಟ್ಟೆ. ಅದರ ಕೆಳಗಿನ ಗರಸಿನ ಚೀಲ ಎಂದಿನಂತೆ ಮೂಲೆಗೆ ಹೋಯಿತು.

ಸಂಕ್ರಾಂತಿಯ ನಂತರ ಒಂದು ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದರು. ಗಾಣಗಾಪುರದಲ್ಲಿ ಪಾದುಕೆಯ ದರ್ಶನ ಮಾಡಿಕೊಂಡು, ಇನ್ನೂ ವೇಳೆ ಉಳಿಯಿತೆಂದು ನಮ್ಮಲ್ಲಿಗೆ. ಎಲ್ಲರೂ ಓಡಾಡಿ ಹೊರಗೆ ಹೋದರೂ ಹನ್ನೆರಡು ಹದಿಮೂರರ ಒಬ್ಬ ಹುಡುಗಿ ಮಾತ್ರ ಆ ಪೆಟ್ಟಿಗೆಯ ಮುಂದೆ ನಿಂತೇ ಇದ್ದಳು. ಇದು ಎಲ್ಲಿ ಸಿಕ್ಕಿತು ಎಂದು ಕೇಳಿದಳು. ನನಗೆ ಹಿಗ್ಗು. ಊರಿನ ಹೆಸರು, ದಂಡೆ ಕುಸಿದ ಜಾಗ, ಹತ್ತಿರದ ಬೇವಿನ ಮರ ಎಲ್ಲ ವಿವರಿಸಿ ಹೇಳಿದೆ. ಅವಳ ಹೆಸರು ಕೇಳಿದ್ದಕ್ಕೆ ಸೃಷ್ಟಿ ಎಂದಷ್ಟೇ ಹೇಳಿ ಹೊರಟುಹೋದಳು. ಈ ತಾಲೂಕಿನಲ್ಲಿ ವಿಜ್ಞಾನಕ್ಕೆ ಒಂದಾದರೂ ಮಗು ಹುಟ್ಟಿದೆ ಎಂದು ನಾನು ಹಫೀಜನ ಮುಂದೆ ಜಂಬ ಕೊಚ್ಚಿಕೊಂಡೆ.

ಎಂಟು ದಿನ ಬಿಟ್ಟು ಅದೇ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಬಿಸಿಲಿಗೆ ಬತ್ತಿದ ಮೈ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಮ್ಮಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ನೇರವಾಗಿ ಆ ಪೆಟ್ಟಿಗೆಯ ಹತ್ತಿರ ಹೋಗಿ, ಎರಡೂ ಕೈಯಿಂದ ಗಾಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಗಾಜು ಮುಟ್ಟಬಾರದೆಂದು ಬೋರ್ಡು ಹಾಕಿದ್ದು ಕಾಣುವುದಿಲ್ಲವೇ ಎಂದು ನಾನು ಕೂತಲ್ಲಿಂದಲೇ ಗದರಿಸಿದೆ. ಜೀವನದಲ್ಲಿ ಸಾವಿರಾರು ಜನರನ್ನು ಗದರಿಸಿದ್ದೇನೆ. ಅದೊಂದನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಾಗಿದ್ದರೆ ಎಂದು ಈಗಲೂ ಅನಿಸುತ್ತದೆ.

ಅವಳು ಬೆದರಿ ಕೈ ತೆಗೆದಳು. "ಮುಟ್ಟಬಾರದು ಅಂತ ಗೊತ್ತಿರಲಿಲ್ರಿ ಸರ್. ಇವರು ನಮ್ಮ ಮನ್ಯಾಗಿನವರು ಅದಾರ. ಕರ್ಕೊಂಡು ಹೋಗಾಕ ಬಂದೀನಿ."

ನನಗೆ ಅರ್ಥವಾಗಲಿಲ್ಲ. ಮನೆಯವರು ಎಲ್ಲಿದ್ದಾರೆ ಎಂದು ಬಾಗಿಲ ಕಡೆ ನೋಡಿದೆ. ಅವಳು ಪೆಟ್ಟಿಗೆಯ ಕಡೆಗೇ ಕೈ ತೋರಿಸಿದಳು. ಹಫೀಜ ಎದ್ದು ಬಂದು ಒಂದು ಕುರ್ಚಿ ಎಳೆದು ಅವಳನ್ನು ಕೂಡಿಸಿದ. ಅವಳು ಹೇಳತೊಡಗಿದಳು.

ಅವಳ ಹೆಸರು ಗೌರಾಬಾಯಿ. ತವರು ಆಳಂದ ತಾಲೂಕಿನ ಸರಸಂಬಾ, ನಮ್ಮ ಊರಿನ ಕಡೆಯೇ. ಅಲ್ಲಿ ಹೊಳೆ ಇಲ್ಲ. ಕರಿ ಹೊಲ, ತೊಗರಿ, ಒಂದೆರಡು ಬಾವಿ. ಮದುವೆಯಾಗಿ ಬೇವಿನಗಡ್ಡಿಗೆ ಬಂದಾಗ ಅಷ್ಟು ನೀರು ಒಂದೇ ಕಡೆ ಕಂಡು ಹೆದರಿ, ಮೊದಲ ವರ್ಷ ಹೊಳೆಗೆ ಬಟ್ಟೆ ಒಗೆಯಲೂ ಇಳಿದಿರಲಿಲ್ಲವಂತೆ. ಗಂಡ ದೌಲತರಾಯ ಹೊಳೆಯಲ್ಲೇ ಆಡಿ ಬೆಳೆದವನು. ಹೆಂಡತಿಯ ಹೆದರಿಕೆ ನೋಡಿ ನಗುತ್ತಿದ್ದ, ಕೈಹಿಡಿದು ಮೊಣಕಾಲಿನವರೆಗೆ ನೀರಿಗೆ ಇಳಿಸುತ್ತಿದ್ದ. ಹೊಲಕ್ಕೆ ನೀರು ಹಾಯಿಸುವ ಮೋಟಾರು ದಂಡೆಯಲ್ಲಿತ್ತು. ಅದಕ್ಕೆ ಏನಾದರೂ ಆದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮೋಟಾರನ್ನು ನನಗಿಂತ ಚಂದಾಗಿ ನೋಡಿಕೊಳ್ಳುತ್ತಿದ್ದರು ಎಂದು ಹೇಳುವಾಗ ಗೌರಾಬಾಯಿಯ ಮುಖದಲ್ಲಿ ಸಣ್ಣ ನಗೆ ಬಂತು.

ಗೌರಾಬಾಯಿ ಶಿವದಾರ ಹೊಸೆಯುವುದರಲ್ಲಿ ಹೆಸರಾದವಳು. ಇಷ್ಟಲಿಂಗವನ್ನಿಟ್ಟ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು. ತಾಯಿಯಿಂದ ಕಲಿತದ್ದು. ತೊಡೆಯ ಮೇಲೆ ನೂಲು ಹೊಸೆದು, ಎಳೆ ಎಳೆ ಕೂಡಿಸಿ, ವರ್ಷಗಟ್ಟಲೆ ಹರಿಯದ ದಾರ ಮಾಡುತ್ತಿದ್ದಳು. ಸುತ್ತಿನ ನಾಲ್ಕು ಹಳ್ಳಿಯವರು ಅವಳ ಕೈಯ ದಾರವೇ ಬೇಕೆಂದು ಬರುತ್ತಿದ್ದರು. ಎಲ್ಲರ ಕೊರಳಿಗೂ ಹೊಸ ದಾರ ಮಾಡಿಕೊಟ್ಟವಳು, ಮನೆಯ ಯಜಮಾನನ ದಾರ ನವೆದು ಹೋಗಿದ್ದನ್ನು ನೋಡಿರಲಿಲ್ಲ.

2020ರ ಅಕ್ಟೋಬರ್. ಮಳೆ ನಾಲ್ಕು ದಿನದಿಂದ ಹಿಡಿದಿತ್ತು. ಆ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಗಂಡನ ಕೊರಳಲ್ಲಿ ದಾರ ಇನ್ನೇನು ಹರಿಯುವಂತಿದ್ದುದು ಅವಳ ಕಣ್ಣಿಗೆ ಬಿತ್ತು. ಲಿಂಗ ಕೆಳಗೆ ಬಿದ್ದರೆ ಅನರ್ಥವೆಂದು ಹೆದರಿ, ಒಂದು ತಾಸು ಕೊಡಿ, ಹೊಸ ದಾರ ಹಾಕಿ ಕೊಡುತ್ತೇನೆ ಎಂದು ಕೇಳಿ ಬಿಚ್ಚಿಸಿಕೊಂಡಳು. ಅರ್ಧ ಹೊಸೆದಿರುವಾಗ ಹೊಳೆ ಏರುತ್ತಿದೆ ಎಂದು ಯಾರೋ ಕೂಗಿದರು. ದೌಲತರಾಯ ಮೋಟಾರು ಮೇಲಕ್ಕೆತ್ತಲು ಎದ್ದು ಓಡಿದ. ಲಿಂಗ ಹಾಕಿಕೊಂಡು ಹೋಗಿ ಎಂದು ಇವಳು ಬಾಗಿಲಿಗೆ ಬಂದು ಕರೆದಳು.

"ಬಂದು ಹಾಕ್ಕೊಂತೇನಿ ಅಂದ್ರು" ಎಂದು ಗೌರಾಬಾಯಿ ನನಗೆ ಹೇಳಿದಳು. "ಅದ ಕಡೀ ಮಾತು."

ಹೊಳೆ ಅವನನ್ನೂ ಮೋಟಾರನ್ನೂ ಒಟ್ಟಿಗೆ ಒಯ್ದಿತು. ದೋಣಿಯವರು ಹುಡುಕಿದರು, ಕೆಳಗಿನ ಊರುಗಳಿಗೆಲ್ಲ ಹೇಳಿ ಕಳಿಸಿದರು. ಹೆಣ ಸಿಗಲಿಲ್ಲ. ನಮ್ಮ ಲಿಂಗಾಯತ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೆ ಮೈಮೇಲೆ ಇರಬೇಕು. ಸತ್ತವರನ್ನು ಕುಣಿಯಲ್ಲಿ ಕೂಡಿಸಿ, ಎಡಗೈಯಲ್ಲಿ ಅದೇ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಕೊಡುತ್ತೇವೆ. ದೌಲತರಾಯ ಲಿಂಗವಿಲ್ಲದೆ ಹೋದ. ಲಿಂಗ ಹೆಂಡತಿಯ ಉಡಿಯಲ್ಲಿ ಉಳಿಯಿತು. ನಾನೇ ಬಿಚ್ಚಿಸಿಕೊಂಡೆ ಎಂಬ ಮಾತನ್ನು ಅವಳು ನಮ್ಮ ಮುಂದೆ ಮೂರು ಸಲ ಹೇಳಿದಳು, ಹಫೀಜ ಬೇರೆ ಕಡೆ ನೋಡುತ್ತ ಕೂತ.

ನೀರು ಇಳಿದ ಮೇಲೆ ಅವಳು ದಿನಾ ದಂಡೆಯಲ್ಲಿ ಹುಡುಕುತ್ತ ನಡೆದಳು. ಹೊಳೆಗೆ ಹೆದರುತ್ತಿದ್ದವಳು ಸೊಂಟದವರೆಗಿನ ಕೆಸರಿನಲ್ಲಿ ಇಳಿದಳು. ಕಾರ್ತಿಕದಲ್ಲಿ ತಮ್ಮ ಹೊಲದ ಕೆಳಗೇ ಈ ಎಲುಬು ಸಿಕ್ಕಿತು. ಎದೆಗೆ ಅವಚಿಕೊಂಡು ಮನೆಗೆ ತಂದಳು. ಒಂದು ತಿಂಗಳಿಗೆ ಎಲುಬು ಇಷ್ಟು ಕಪ್ಪಾಗುತ್ತದೆಯೇ, ಇಷ್ಟು ಭಾರ ಇರುತ್ತದೆಯೇ ಎಂದು ಕೇಳಬೇಕಾದವರು ಊರಲ್ಲಿ ಇದ್ದರು, ಅವಳ ಮುಖ ನೋಡಿ ಯಾರೂ ಕೇಳಲಿಲ್ಲ. ಮಠದ ಗುರುಶಾಂತಯ್ಯನವರು ಮಾತ್ರ ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿ, ನಿನ್ನ ಮನಸ್ಸಿಗೆ ಅವನೇ ಅನಿಸಿದರೆ ಅವನೇ ತಾಯಿ ಎಂದರಂತೆ. ಹೊಲದ ಮೂಲೆಯ ಬೇವಿನ ಮರದ ಕೆಳಗೆ ಕುಣಿ ತೋಡಿದರು. ಆಗ ಎರಡನೆಯ ಇಯತ್ತೆಯಲ್ಲಿದ್ದ ಸೃಷ್ಟಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಎಲುಬನ್ನು ಹೊತ್ತು ನಡೆದಳು. ಗೌರಾಬಾಯಿ ಕರಡಿಗೆಯಿಂದ ಲಿಂಗ ತೆಗೆದು ಎಲುಬಿನ ಕಚ್ಚಿನಲ್ಲಿ ಕೂಡಿಸಿ, ಹೊಸದಾಗಿ ಹೊಸೆದ ದಾರ ಸುತ್ತಿ, ಮೇಲೆಲ್ಲ ವಿಭೂತಿ ಬಳಿದಳು. ಗದ್ದುಗೆ ಕಟ್ಟಿಸಿದಳು. ಅವತ್ತು ರಾತ್ರಿ ತಿಂಗಳ ಮೇಲೆ ಮೊದಲ ಸಲ ನಿದ್ದೆ ಬಂತು ಎಂದಳು. ಐದು ವರ್ಷ ಪ್ರತಿ ಸೋಮವಾರ ಅಲ್ಲಿ ಪತ್ರಿ ಏರಿಸಿದಳು. ಹೋದ ವರ್ಷದ ಹೊಳೆ ದಂಡೆ ಕಡಿದು ಬೇವಿನ ಮರವನ್ನು ಬಿಟ್ಟು ಗದ್ದುಗೆಯನ್ನು ಉರುಳಿಸಿತು. ಮತ್ತೆ ಹುಡುಕಿದಳು, ಏನೂ ಸಿಗಲಿಲ್ಲ. ಅವಳಿಗಿಂತ ಎರಡು ದಿನ ಮೊದಲು ನಾನು ಹೋಗಿ ಬಂದಿದ್ದೆ.

ಅವಳು ಚೀಲ ಬಿಚ್ಚಿದಳು. ಒಂದು ಹೊಸ ಬಿಳಿ ಬಟ್ಟೆ, ವಿಭೂತಿ ಉಂಡೆ, ಖಾಲಿ ಬೆಳ್ಳಿಯ ಕರಡಿಗೆ. ಊರ ಮೇಲುಗಡೆ ಭಾವನ ಹೊಲದಲ್ಲಿ ಜಾಗ ಕೇಳಿಕೊಂಡಿದ್ದಳು. ಅಲ್ಲಿಗೆ ಹೊಳೆ ಎಂದೂ ಬರುವುದಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಹಫೀಜ ನನ್ನ ಕಡೆ ನೋಡಿ ಬೇಡ ಎನ್ನುವಂತೆ ತಲೆ ಆಡಿಸಿದ. ನಾನು ನೋಡಿಯೂ ನೋಡದವನಂತಿದ್ದೆ. ಸುಳ್ಳು ಹೇಳಿದ ಮಕ್ಕಳನ್ನು ಮೂವತ್ತೆರಡು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು ನಾನು, ನನಗೆ ನಿಜ ಹೇಳುವುದೇ ಧರ್ಮ ಎನಿಸಿತ್ತು. ಅದರ ಜೊತೆಗೆ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಎಲುಬು ಕೈಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ. ಎರಡರಲ್ಲಿ ಯಾವುದು ನನ್ನ ಬಾಯಿ ತೆರೆಸಿತೆಂದು ನಾನು ಇವತ್ತಿಗೂ ಹೇಳಲಾರೆ.

"ತಂಗೀ, ಇದು ನಿಮ್ಮವರದಲ್ಲ" ಎಂದೆ. "ಇದು ಎತ್ತಿಂದು. ಕಾಡೆತ್ತು. ಭಾಳ ಹಳೇದು, ಸಾವಿರಾರು ವರ್ಷದ್ದು."

ಕ್ಲಾಸಿನಲ್ಲಿ ಹೇಳಿದಂತೆಯೇ ಎಲ್ಲ ಹೇಳಿದೆ. ಎಲುಬು ಹೇಗೆ ಕಲ್ಲಾಗುತ್ತದೆ, ಯಾಕೆ ಭಾರವಾಗುತ್ತದೆ, ಮನುಷ್ಯನ ತೊಡೆ ಎಲುಬಿನ ಗೋಡೆ ಎಷ್ಟು ತೆಳು, ಇದರದು ಎಷ್ಟು ದಪ್ಪ. ಚೀಟಿ ಓದಿ ತೋರಿಸಿದೆ. ಸೃಷ್ಟಿ ತಾಯಿಯ ಮೊಣಕೈ ಹಿಡಿದುಕೊಂಡಳು.

"ಹಂಗಾರ, ಅವರ ಲಿಂಗ ನಾ ಎತ್ತಿನ ಕೈಯಾಗ ಕೊಟ್ಟೆನೇನ್ರಿ ಸರ್?"

ಅವಳು ಅಳಲಿಲ್ಲ, ಅಳು ಬರದ ದುಃಖ ಎಂಥದೆಂದು ಆಗ ಕಂಡೆ. ಹಫೀಜ ನೀರು ತಂದುಕೊಟ್ಟ. ಅವಳು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ಲೋಟ ಕೆಳಗಿಟ್ಟು, ಎಲುಬನ್ನು ಒಂದು ಸಲ ಕೈಯಲ್ಲಿ ಹಿಡಿಯಬಹುದೇ ಎಂದು ಕೇಳಿದಳು. ಪೆಟ್ಟಿಗೆಯ ಬೀಗ ತೆಗೆದು ಎಲುಬನ್ನು ಅವಳ ಉಡಿಗೆ ಇಟ್ಟೆ. ಯಾರಿಗೂ ಹಾಗೆ ಕೊಟ್ಟವನಲ್ಲ.

ಅವಳು ಕಚ್ಚಿನ ಮೇಲೆ ಬೆರಳು ಆಡಿಸಿದಳು. "ತೊಳದೀರಿ?"

ಹೌದು ಎಂದೆ.

"ವಿಭೂತಿ ಇತ್ತು, ನಾ ಹಚ್ಚಿದ್ದು."

ಸುಣ್ಣದ ಅಂಶ ಎಂದು ನಾನು ಬರೆದುಕೊಂಡದ್ದು ಅದು. ಅವಳದು ತಪ್ಪೆಂದು ಅಷ್ಟು ಹೊತ್ತು ಪಾಠ ಹೇಳಿದ್ದೆ, ನನ್ನ ತಪ್ಪು ನನ್ನದೇ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಕೂತಿತ್ತು. ಎಲುಬು ಸಿಕ್ಕ ಜಾಗದಲ್ಲಿ ಲಿಂಗ ಸಿಗಲಿಲ್ಲವೇ ಎಂದು ಅವಳು ಕೇಳಿದಳು. ಇಲ್ಲ ಎಂದೆ. ಆಗ ನನಗೆ ಗೊತ್ತಿದ್ದ ಮಟ್ಟಿಗೆ ಅದು ನಿಜವೇ ಆಗಿತ್ತು.

ಅವಳು ತಲೆ ತಗ್ಗಿಸಿ ಯೋಚಿಸಿದಳು. ಆಮೇಲೆ ನನಗಲ್ಲ, ಮಗಳಿಗೆ ಹೇಳುವಂತೆ ಮೆಲ್ಲಗೆ ಅಂದಳು: "ಹೊಳಿ ಎತ್ತಿನ ಎಲುಬು ಇಲ್ಲೇ ಬಿಟ್ಟು, ಲಿಂಗ ಅಷ್ಟ ಒಯ್ದದ. ನಿಮ್ಮಪ್ಪ ಅಲ್ಲೇ ಅದಾರಲ್ಲ ಬೇ, ಹೊಳ್ಯಾಗ. ತಮ್ಮದು ತಾವು ತಗೊಂಡಾರ. ಬಂದು ಹಾಕ್ಕೊಂತೇನಿ ಅಂದಿದ್ರಲ್ಲ."

ಆಗ ಅವಳಿಗೆ ಅಳು ಬಂತು. ಎಲುಬನ್ನು ಎದೆಗೆ ಹಿಡಿದುಕೊಂಡೇ ಅತ್ತಳು, ಸೃಷ್ಟಿಯೂ ಅತ್ತಳು. ನಾನು ಮೊದಲ ಕೋಣೆಗೆ ಹೋಗಿ ವೀರಗಲ್ಲಿನ ಹಿಂದೆ ನಿಂತುಕೊಂಡೆ.

ಹೊರಡುವಾಗ ಬಟ್ಟೆ, ವಿಭೂತಿ, ಕರಡಿಗೆ ಎಲ್ಲ ಮರಳಿ ಚೀಲಕ್ಕೆ ಹಾಕಿಕೊಂಡಳು. ಎಲುಬನ್ನು ನನ್ನ ಕೈಗೆ ಕೊಟ್ಟು, ಅದಕ್ಕೆ ಇನ್ನೊಂದು ಸಲ ಕೈ ಮುಗಿದಳು. ಐದು ವರ್ಷ ಅವರ ಜಾಗ ಕಾಯ್ದಿದೆ ಪಾಪ, ಚಂದಾಗಿ ನೋಡಿಕೊಳ್ಳಿ ಎಂದಳು. ಬಸ್‌ಸ್ಟ್ಯಾಂಡಿನ ತನಕ ಹಫೀಜ ಅವರನ್ನು ಬಿಟ್ಟು ಬಂದ. ಬಂದವನು ನನ್ನ ಜೊತೆ ಸಂಜೆಯವರೆಗೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಹೋದವನೇ ಬೇವಿನಗಡ್ಡಿಯ ಗರಸಿನ ಚೀಲವನ್ನು ಹಿತ್ತಲಿಗೆ ಎಳೆದುಕೊಂಡು ಬಂದೆ. ಏನೋ ಅನುಮಾನ ಇತ್ತೆಂದಲ್ಲ. ಮನಸ್ಸು ಕೆಟ್ಟಿತ್ತು, ಕೈಗೆ ಕೆಲಸ ಬೇಕಿತ್ತು. ಎರಡನೆಯ ಜರಡಿಯಲ್ಲಿ ಕೊಳೆತ ದಾರದ ಒಂದು ತುಣುಕು ಬಂತು. ಮೂರನೆಯದರಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಕಪ್ಪು ಗುಂಡು ಜರಡಿಯ ಮೇಲೆ ಉಳಿಯಿತು. ಬಾವಿ ನೀರಿನಲ್ಲಿ ತೊಳೆದೆ. ಒಂದು ಕಡೆ ಇಷ್ಟಲಿಂಗದ ಕಲ್ಲಿನ ಮೇಲೆ ಲೇಪಿಸುವ ಕಪ್ಪು ಕಂಥಿ ಕಿತ್ತುಹೋಗಿ ಒಳಗಿನ ಕಲ್ಲು ಕಾಣುತ್ತಿತ್ತು, ಇನ್ನೊಂದು ಕಡೆ ಮಿರುಗುತ್ತಿತ್ತು. ನಾನೂ ಲಿಂಗಾಯತ ಮನೆಯಲ್ಲೇ ಹುಟ್ಟಿದವನು. ಕಾಲೇಜಿನ ದಿನಗಳಲ್ಲಿ ನನ್ನ ಲಿಂಗ ತೆಗೆದು ಅವ್ವನ ಪೆಟ್ಟಿಗೆಯಲ್ಲಿಟ್ಟವನು ಮತ್ತೆ ಹಾಕಿಕೊಂಡಿರಲಿಲ್ಲ. ಆದರೂ ಅದನ್ನು ಎಡ ಅಂಗೈಯಲ್ಲೇ ಹಿಡಿದುಕೊಂಡಿದ್ದೇನೆಂದು ಸ್ವಲ್ಪ ಹೊತ್ತಿನ ಮೇಲೆ ನನ್ನ ಗಮನಕ್ಕೆ ಬಂತು.

ಹೊಳೆ ಒಯ್ದಿರಲಿಲ್ಲ. ನಾನು ಒಯ್ದಿದ್ದೆ. ಚೀಲದಲ್ಲಿ ತುಂಬಿ, ಮೂಲೆಯಲ್ಲಿ ಒಗೆದು, ಅವಳು ಅತ್ತ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಇಟ್ಟುಕೊಂಡಿದ್ದೆ.

ಅವಳಿಗೆ ಕೊಟ್ಟುಬಿಡುವುದು ನ್ಯಾಯ. ಕೊಟ್ಟರೆ ಅವಳು ಮತ್ತೆ ಆ ಅಕ್ಟೋಬರಿನ ಬಾಗಿಲಿಗೇ ಹೋಗಿ ನಿಲ್ಲುತ್ತಾಳೆ, ಉಡಿಯಲ್ಲಿ ಲಿಂಗ, ಹೊಳೆಯಲ್ಲಿ ಗಂಡ. ಈ ಸಲ ಕೂಡಿಸಲು ಎಲುಬೂ ಇಲ್ಲ, ಅದನ್ನು ನಾನೇ ಎತ್ತಿನದೆಂದು ಹೇಳಿ ಕಸಿದುಕೊಂಡಿದ್ದೆ. ಹಫೀಜನಿಗೆ ಆಳಂದಕ್ಕೆ ಹೋಗಿಬರುತ್ತೇನೆಂದು ಹೇಳಿ ಬೇವಿನಗಡ್ಡಿಯ ಬಸ್ಸು ಹತ್ತಿದೆ.

ಮಧ್ಯಾಹ್ನದ ಬಿಸಿಲು. ದಂಡೆಯಲ್ಲಿ ಯಾರೂ ಇರಲಿಲ್ಲ. ಬೇವಿನ ಮರದ ಬೇರು ಅರ್ಧ ಗಾಳಿಯಲ್ಲಿತ್ತು, ಅದರ ಕೆಳಗೆ ಯಾರೋ ಅಂದೇ ಬೆಳಿಗ್ಗೆ ಇಟ್ಟು ಹೋದ ಪತ್ರಿ ಇನ್ನೂ ಬಾಡಿರಲಿಲ್ಲ. ಪತ್ರಿಯನ್ನು ಗದ್ದುಗೆ ಇದ್ದ ಕಡೆಗಲ್ಲ, ಹೊಳೆಯ ಕಡೆ ಮುಖ ಮಾಡಿ ಇಟ್ಟಿದ್ದರು. ಪ್ಯಾಂಟು ಮಡಚಿಕೊಂಡು ಮೊಣಕಾಲಿನವರೆಗೆ ನೀರಿಗೆ ಇಳಿದೆ. ತಡ ಆಯಿತು ದೌಲತರಾಯ ಎಂದೆ. ಕೈ ನೀರಿನೊಳಗೆ ಇಳಿಸಿ ಅಂಗೈ ತೆರೆದೆ.

ವಾಪಸು ಬಂದು ರಿಜಿಸ್ಟರು ತೆಗೆದು ಆ ಚೀಲದ ನಂಬರಿನ ಮುಂದೆ ಬರೆದೆ: ಗರಸು, ಜರಡಿ ಹಿಡಿದಿದೆ, ಏನೂ ಸಿಕ್ಕಿಲ್ಲ. ಹನ್ನೊಂದು ವರ್ಷದ ರಿಜಿಸ್ಟರಿನಲ್ಲಿ ಅದೊಂದೇ ಸುಳ್ಳು.

ಗೌರಾಬಾಯಿ ಈಗಲೂ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಾಳೆ. ಅಫಜಲಪುರದ ಸಂತೆ ಮುಗಿಸಿ, ಚಪ್ಪಲಿ ಹೊರಗೆ ಬಿಟ್ಟು, ಎರಡನೆಯ ಕೋಣೆಗೆ ಹೋಗಿ ಎತ್ತನ್ನು ನೋಡಿ ಬರುತ್ತಾಳೆ. ಗಾಜು ಮುಟ್ಟುತ್ತಾಳೆ, ನಾನು ಏನೂ ಅನ್ನುವುದಿಲ್ಲ. ಹೋಗುವ ಮೊದಲು ನನ್ನ ಮೇಜಿನ ಮುಂದೆ ನಿಂತು ಪ್ರತಿ ಸಲವೂ ಒಂದೇ ಮಾತು ಕೇಳುತ್ತಾಳೆ.

"ಮತ್ತೇನೂ ಸಿಗಲಿಲ್ಲಲ್ರಿ ಸರ್?"

"ಇಲ್ಲ ತಂಗೀ" ಎನ್ನುತ್ತೇನೆ.

ಅವಳ ಮುಖ ಹಗುರಾಗುತ್ತದೆ. ಬರ್ತೇನ್ರಿ ಎಂದು ಹೇಳಿ ಬಸ್ಸಿಗೆ ಹೋಗುತ್ತಾಳೆ.